ಸ್ಟೀಲ್ ಕ್ಯಾಬಿನೆಟ್, ಪೇರಿಸುವ ಬಾಕ್ಸ್, ಪ್ಲೈವುಡ್ ಡ್ರಾಯರ್: ಮೂರನ್ನೂ ಬಳಸಿ ನೋಡಿದ ಮೇಲೆ

ಟೂಲ್ ಇಡೋದಕ್ಕೆ ಏನು ತಗೊಳ್ಳಲಿ ಅಂತ ಯೋಚಿಸುವವರು ಮೊದಲು ನೋಡುವುದು ಎಷ್ಟು ಸಾಮಾನು ಹಿಡಿಯುತ್ತದೆ ಅಂತ. ನಾನು ಬೇರೆ ಲೆಕ್ಕ ಇಟ್ಟುಕೊಂಡು ಹೋಲಿಸಿದ್ದೇನೆ. ಒಂದು ಕೈ ಕೆಲಸ ಹಿಡಿದುಕೊಂಡಿದೆ, ಇನ್ನೊಂದು ಕೈ ಖಾಲಿ ಇದೆ. ಆ ಖಾಲಿ ಕೈಗೆ ಬೇಕಾದ ಟೂಲ್, ಬೇರೆ ಯಾವುದನ್ನೂ ಎತ್ತಿಡದೆ ಸಿಗುತ್ತದಾ? ಸಿಕ್ಕರೆ ಆ ಕ್ಯಾಬಿನೆಟ್ ಒಳ್ಳೆಯದು. ಸಿಗದಿದ್ದರೆ ಅದು ಎಷ್ಟೇ ದಪ್ಪ ತಗಡಿನದ್ದಾಗಿರಲಿ, ಎಷ್ಟೇ ಚಂದ ಇರಲಿ, ಸ್ವಲ್ಪ ದಿನದಲ್ಲಿ ಟೂಲ್‌ಗಳೆಲ್ಲ ಬೆಂಚಿನ ಮೇಲೇ ಬಿದ್ದಿರುತ್ತವೆ.

ನನ್ನ ವರ್ಕ್‌ಶಾಪಿನಲ್ಲಿ ಮೂರೂ ಇವೆ. ಚಕ್ರ ಇರುವ ಸ್ಟೀಲ್ ಕ್ಯಾಬಿನೆಟ್, ಒಂದರ ಮೇಲೊಂದು ಪೇರಿಸಿ ಲಾಕ್ ಮಾಡುವ ಪ್ಲಾಸ್ಟಿಕ್ ಬಾಕ್ಸ್‌ಗಳು, ಮತ್ತೆ ನಾನೇ ಮಾಡಿಕೊಂಡ ಪ್ಲೈವುಡ್ ಡ್ರಾಯರ್ ಕ್ಯಾಬಿನೆಟ್. ಸ್ಪ್ಯಾನರ್ ಸೆಟ್, ಉಳಿಗಳು, ಬ್ಯಾಟರಿ ಡ್ರಿಲ್, ಇವನ್ನು ಮೂರರಲ್ಲೂ ಬದಲಾಯಿಸಿ ಇಟ್ಟು ಕೆಲಸ ಮಾಡಿ ನೋಡಿದ್ದೇನೆ.

ಮೊದಲು ಡ್ರಾಯರ್ ಆಳದ ವಿಷಯ. ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ನಿಮ್ಮ ಟೂಲ್‌ಗಳನ್ನೆಲ್ಲ ನೆಲದ ಮೇಲೆ ಹರಡಿ, ಸ್ಕೇಲ್ ಹಿಡಿದು ಒಂದೊಂದರ ಎತ್ತರ ಅಳೆದು ನೋಡಿ. ಸ್ಪ್ಯಾನರ್, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಅರ, ಉಳಿ, ಮೂಲೆಮಟ್ಟ, ಅಲೆನ್ ಕೀ, ಇವೆಲ್ಲ ಮಲಗಿಸಿದರೆ ಹೆಚ್ಚುಕಮ್ಮಿ 50 ಮಿಲಿಮೀಟರ್ ಒಳಗೇ ಬರುತ್ತವೆ. ಸುತ್ತಿಗೆ, ದೊಡ್ಡ ಸಾಕೆಟ್, ಇವಕ್ಕೆ 75 ಸಾಕು. ಬ್ಯಾಟರಿ ಡ್ರಿಲ್ಲನ್ನೂ ಅಡ್ಡ ಮಲಗಿಸಿದರೆ 100 ಮಿಲಿಮೀಟರಿನಲ್ಲಿ ಹೋಗುತ್ತದೆ. ಅಂದರೆ ಬೇಕಾಗಿರುವುದು ತೆಳ್ಳಗಿನ ಡ್ರಾಯರ್‌ಗಳು, ಮತ್ತು ಅವು ಜಾಸ್ತಿ ಬೇಕು. ಆದರೆ ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ಮೂರೋ ನಾಲ್ಕೋ ಆಳವಾದ ಡ್ರಾಯರ್ ಇರುತ್ತವೆ. ಇದಕ್ಕೆ ಕಾರಣ ಚಾನೆಲ್, ಅಂದರೆ ಡ್ರಾಯರ್ ಒಳಗೆ ಹೊರಗೆ ಜಾರಲು ಎರಡೂ ಬದಿಗೆ ಹಾಕುವ ಹಳಿ. ಪ್ರತಿ ಡ್ರಾಯರಿಗೂ ಒಂದು ಜೊತೆ ಚಾನೆಲ್ ಬೇಕು, ಮುಂಭಾಗದ ಪಟ್ಟಿ ಬೇಕು, ಹಿಡಿ ಬೇಕು, ಜೋಡಿಸುವ ಕೂಲಿ ಬೇಕು. ಡ್ರಾಯರ್ ಕಡಿಮೆ ಮಾಡಿ ಆಳ ಜಾಸ್ತಿ ಮಾಡಿದರೆ ಖರ್ಚು ಇಳಿಯುತ್ತದೆ, ನೋಡುವವರಿಗೆ ಜಾಗವೂ ಜಾಸ್ತಿ ಕಾಣುತ್ತದೆ. 150 ಮಿಲಿಮೀಟರ್ ಆಳದ ಡ್ರಾಯರಿನಲ್ಲಿ ಸ್ಪ್ಯಾನರ್ ಹಾಕಿದರೆ ಅವು ಮೂರು ಪದರ ಆಗುತ್ತವೆ, ಕೆಳಗಿನ ಪದರದ್ದು ಬೇಕಾದಾಗ ಎರಡೂ ಕೈ ಹಾಕಿ ಕೆದಕಬೇಕು.

ಇನ್ನೊಂದು ಮಾತು. ಅಳತೆಪಟ್ಟಿಯಲ್ಲಿ ಬರೆದ ಆಳವನ್ನು ನಂಬಬೇಡಿ. ಅದು ಎಷ್ಟೋ ಸಲ ಮುಂಭಾಗದ ಪಟ್ಟಿಯ ಎತ್ತರ ಆಗಿರುತ್ತದೆ. ಒಳಗಿನ ನಿಜವಾದ ಆಳ ಅದಕ್ಕಿಂತ ಕಡಿಮೆ. ಟೇಪ್ ಒಳಗೇ ಇಟ್ಟು ಅಳೆಯಿರಿ.

ಈಗ ಸ್ಟೀಲ್. ಇದರ ಬಲ ಭಾರ ಹೊರುವುದರಲ್ಲಿದೆ. ಸಾಕೆಟ್ ಸೆಟ್, ದೊಡ್ಡ ಸ್ಪ್ಯಾನರ್, ಪುಲ್ಲರ್, ಸುತ್ತಿಗೆಗಳು, ಡ್ರಿಲ್ ವೈಸ್ ಇಂಥವನ್ನು ಕೆಳಗಿನ ಡ್ರಾಯರಿಗೆ ತುಂಬಿ, ತುದಿಯವರೆಗೆ ಎಳೆದರೂ ಚೆನ್ನಾಗಿ ಮಾಡಿದ ಕ್ಯಾಬಿನೆಟ್ಟಿನಲ್ಲಿ ಅದು ಸದ್ದಿಲ್ಲದೆ ಹೊರಗೆ ಬರುತ್ತದೆ. ಬಾಲ್ ಬೇರಿಂಗ್ ಚಾನೆಲ್ ಇರುವುದಕ್ಕೂ ಸುಮ್ನೆ ತಗಡಿನ ಮೇಲೆ ತಗಡು ಜಾರುವುದಕ್ಕೂ ಇರುವ ವ್ಯತ್ಯಾಸ ಖಾಲಿ ಡ್ರಾಯರಿನಲ್ಲಿ ಗೊತ್ತಾಗುವುದಿಲ್ಲ. ತುಂಬಿದ ಮೇಲೆ ಗೊತ್ತಾಗುತ್ತದೆ. ಮೊದಲು ನನ್ನ ಹತ್ತಿರ ಇದ್ದ ಒಂದು ಕ್ಯಾಬಿನೆಟ್ಟಿನಲ್ಲಿ ತಗಡು ಜಾರುವ ಥರದ ಡ್ರಾಯರ್ ಇತ್ತು. ಖಾಲಿ ಇದ್ದಾಗ ನಯವಾಗಿ ಓಡುತ್ತಿತ್ತು. ಸಾಕೆಟ್ ತುಂಬಿದ ಮೇಲೆ ಒಂದು ಬದಿ ಮುಂದೆ ಬಂದು ಇನ್ನೊಂದು ಬದಿ ಹಿಂದೆ ಸಿಕ್ಕಿಕೊಳ್ಳುತ್ತಿತ್ತು, ಮೊಣಕಾಲಿನಿಂದ ಗುದ್ದಿ ಒಳಗೆ ತಳ್ಳಬೇಕಾಗುತ್ತಿತ್ತು.

ಕೊಳ್ಳುವ ಮುಂಚೆ ಹೀಗೆ ಪರೀಕ್ಷೆ ಮಾಡಿ. ಡ್ರಾಯರನ್ನು ಪೂರ್ತಿ ಹೊರಗೆಳೆಯಿರಿ. ಹಿಂದಿನ ಗೋಡೆಯೂ ಹೊರಗೆ ಕಾಣಬೇಕು. ಮುಕ್ಕಾಲು ಭಾಗ ಮಾತ್ರ ಬರುವ ಡ್ರಾಯರಿನಲ್ಲಿ ಹಿಂದಿನ ಕಾಲುಭಾಗ ಕತ್ತಲೆಯಲ್ಲೇ ಉಳಿಯುತ್ತದೆ, ಅಲ್ಲಿ ಇಟ್ಟದ್ದು ನೆನಪಿನಿಂದಲೂ ಹೋಗುತ್ತದೆ. ಆಮೇಲೆ ತುದಿ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಸ್ವಲ್ಪ ಆಟ ಇರುವುದು ಸಹಜ. ಆದರೆ ಅಲ್ಲಾಡಿಸಿದಾಗ ಕ್ಯಾಬಿನೆಟ್ಟಿನ ಪಕ್ಕದ ತಗಡೇ ಒಳಗೆ ಹೊರಗೆ ಉಸಿರಾಡಿದಂತೆ ಬಾಗಿದರೆ ಬಿಟ್ಟುಬಿಡಿ. ಡ್ರಾಯರಿನ ತಳಕ್ಕೆ ಕೈ ಹಾಕಿ ಸವರಿ ನೋಡಿ. ಅಂಚು ಮಡಚಿರಬೇಕು, ಅಡ್ಡಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಮಡಚದ ಅಂಚು ಬೆರಳು ಕೊಯ್ಯುತ್ತದೆ, ಅದು ಬೇರೆ.

ತಗಡಿನ ದಪ್ಪ ಹೇಳುವ ಗೇಜ್ ನಂಬರಿನ ಬಗ್ಗೆ ತುಂಬ ಜನಕ್ಕೆ ಗೊಂದಲ ಇದೆ. ನಂಬರ್ ಜಾಸ್ತಿ ಆದಷ್ಟೂ ತಗಡು ತೆಳು. 18 ಗೇಜ್ ಅಂದರೆ ಸುಮಾರು 1.2 ಮಿಲಿಮೀಟರ್, 20 ಅಂದರೆ 0.9, 22 ಅಂದರೆ 0.75 ಅಷ್ಟು. ಮನೆ ಕೆಲಸಕ್ಕೆ 20 ಗೇಜ್ ಸಾಕೇ ಸಾಕು. ಅದರ ಮೇಲೆ ದುಡ್ಡು ಹಾಕುವುದಕ್ಕಿಂತ ಚಾನೆಲ್ ಮೇಲೆ ಹಾಕುವುದು ಉತ್ತಮ ಅಂತ ನನ್ನ ಅಭಿಪ್ರಾಯ. ತಗಡು ತೆಳುವಾಗಿದ್ದರೂ ಮಡಿಕೆ ಸರಿಯಾಗಿದ್ದರೆ ನಿಲ್ಲುತ್ತದೆ. ಚಾನೆಲ್ ಕೆಟ್ಟರೆ ಡ್ರಾಯರೇ ಇಲ್ಲ.

ಚಕ್ರ ಇದ್ದರೆ ಅದನ್ನೂ ನೋಡಿ. ನೆಲ ಯಾವತ್ತೂ ಪೂರ್ತಿ ಸಮ ಇರುವುದಿಲ್ಲ, ಹಾಗಾಗಿ ನಾಲ್ಕು ಚಕ್ರದಲ್ಲಿ ಮೂರರ ಮೇಲೇ ಭಾರ ಕೂತಿರುವ ಹೊತ್ತು ಬಹಳ. ಒಟ್ಟು ಭಾರವನ್ನು ಮೂರರಿಂದ ಭಾಗಿಸಿ, ಅಷ್ಟನ್ನು ಒಂದು ಚಕ್ರ ತಾಳುತ್ತದಾ ಅಂತ ನೋಡಬೇಕು. 125 ಮಿಲಿಮೀಟರ್ ಚಕ್ರ ನೆಲದ ಮೇಲಿನ ವೈರು, ಸ್ಕ್ರೂ, ಮರದ ಚೂರು ಎಲ್ಲ ದಾಟಿ ಹೋಗುತ್ತದೆ. 50 ಮಿಲಿಮೀಟರಿನದ್ದು ಒಂದು ವಾಷರ್ ಅಡ್ಡ ಬಂದರೂ ನಿಂತುಬಿಡುತ್ತದೆ, ನೀವು ತಳ್ಳುತ್ತಲೇ ಇರುತ್ತೀರಿ, ಮೇಲ್ಭಾಗ ಮುಂದಕ್ಕೆ ವಾಲುತ್ತದೆ. ವಾಲುವುದು ಅಂದಾಗ ಇನ್ನೂ ಮುಖ್ಯವಾದದ್ದು: ತುಂಬಿದ ಎರಡು ಮೂರು ಡ್ರಾಯರನ್ನು ಒಟ್ಟಿಗೆ ಎಳೆದರೆ ಎಷ್ಟು ದೊಡ್ಡ ಕ್ಯಾಬಿನೆಟ್ಟೂ ಮುಂದಕ್ಕೆ ಬೀಳಬಹುದು. ಒಂದು ತೆರೆದಾಗ ಉಳಿದವು ಲಾಕ್ ಆಗುವ ವ್ಯವಸ್ಥೆ ಕೆಲವದರಲ್ಲಿ ಇರುತ್ತದೆ. ಅದು ಇದ್ದರೆ ಸಣ್ಣ ಕಿರಿಕಿರಿ, ಆದರೂ ಇರಲಿ. ಇಲ್ಲದಿದ್ದರೆ ಭಾರದ್ದೆಲ್ಲ ಕೆಳಗೆ ಇಡಿ, ಸರಿಸುವುದಿಲ್ಲ ಅಂತಾದರೆ ಗೋಡೆಗೆ ಬೋಲ್ಟ್ ಹಾಕಿಸಿ. ಮಕ್ಕಳು ಓಡಾಡುವ ಮನೆಯಾದರೆ ಇದರಲ್ಲಿ ಯೋಚಿಸುವುದೇ ಬೇಡ.

ಸ್ಟೀಲಿನ ದೊಡ್ಡ ತಲೆನೋವು ತುಕ್ಕು. ಕ್ಯಾಬಿನೆಟ್ಟಿನ ತುಕ್ಕಲ್ಲ, ಅದಕ್ಕೆ ಪೌಡರ್ ಕೋಟಿಂಗ್ ಇರುತ್ತದೆ. ಒಳಗಿರುವ ಟೂಲ್‌ಗಳದ್ದು. ರಾತ್ರಿಯಿಡೀ ತಣ್ಣಗಾದ ಲೋಹದ ಮೇಲೆ ಬೆಳಿಗ್ಗೆ ಬೆಚ್ಚಗಿನ ತೇವದ ಗಾಳಿ ಬಂದು ತಾಗಿದರೆ ನೀರು ಕೂರುತ್ತದೆ. ತಗಡಿನ ಡ್ರಾಯರ್ ಆ ನೀರನ್ನು ಹೀರುವುದಿಲ್ಲ. ಜೊತೆಗೆ ಬಂದಿರುವ ಸ್ಪಂಜಿನಂಥ ಹಾಸು ಹೀರಿಕೊಂಡು ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ನನ್ನ ಮೂಲೆಮಟ್ಟದ ಅಡಿಭಾಗದಲ್ಲಿ, ಆ ಹಾಸನ್ನು ತಾಗಿದ ಕಡೆ ಮಾತ್ರ, ಕಂದು ಚುಕ್ಕಿಗಳು ಬಂದಿದ್ದವು. ಮೇಲಿನ ಮುಖ ಹೊಸದರ ಹಾಗೇ ಹೊಳೆಯುತ್ತಿತ್ತು. ಆಮೇಲೆ ಹಾಸು ತೆಗೆದು ನೀರು ಹೀರದ ರಬ್ಬರ್ ಮ್ಯಾಟ್ ಹಾಕಿ, ಡ್ರಾಯರಿಗೆ ಒಂದು ತುಂಡು ವಿಸಿಐ ಪೇಪರ್ (ತುಕ್ಕು ತಡೆಯುವ ಕಾಗದ) ಇಟ್ಟೆ. ಈ ಪೇಪರಿನಿಂದ ಹೊರಡುವ ಆವಿ ಲೋಹದ ಮೇಲೆ ತೆಳುವಾಗಿ ಕೂತು ತುಕ್ಕು ತಡೆಯುತ್ತದೆ. ಮುಚ್ಚಿದ ಜಾಗದಲ್ಲಿ ಮಾತ್ರ ಇದು ಕೆಲಸ ಮಾಡುತ್ತದೆ. ತೆರೆದ ಶೆಲ್ಫಿನಲ್ಲಿ ಇಟ್ಟರೆ ದಂಡ.

ಪೇರಿಸುವ ಬಾಕ್ಸ್‌ಗಳ ಕಥೆ ಬೇರೆ. ಇವು ಹೊಸತೇನಲ್ಲ. ಸಿಸ್ಟೇನರ್ ಅನ್ನುವ ಈ ಥರದ ಬಾಕ್ಸ್ ಬಂದದ್ದು 1993ರಲ್ಲಿ. ಮಿಲ್ವಾಕಿ ಕಂಪನಿಯವರ ಪ್ಯಾಕ್‌ಔಟ್ ಬಾಕ್ಸ್ 2017ರಲ್ಲಿ ಬಂದ ಮೇಲೆ ಮನೆಯಲ್ಲಿ ಕೆಲಸ ಮಾಡುವವರೂ ಇವನ್ನು ತುಂಬ ಕೊಳ್ಳುತ್ತಿದ್ದಾರೆ. ಹೊರಗೆ ಹೋಗಿ ಕೆಲಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಒಂದರ ಮೇಲೊಂದು ಇಟ್ಟು ಕ್ಲಿಕ್ ಅನ್ನಿಸಿ, ತಳದಲ್ಲಿ ಚಕ್ರದ ಬಾಕ್ಸ್ ಇದ್ದರೆ ಎಳೆದುಕೊಂಡು ಹೋಗಬಹುದು. ಕೆಲವು ಬಾಕ್ಸ್‌ಗಳಿಗೆ ಐಪಿ65 ಅಂತ ಗುರುತು ಇರುತ್ತದೆ. ಧೂಳು ಒಳಗೆ ಹೋಗುವುದಿಲ್ಲ, ಪೈಪಿನಿಂದ ನೀರು ಹಾರಿದರೂ ತಡೆಯುತ್ತದೆ ಅಂತ ಅದರ ಅರ್ಥ. ಮುಳುಗಿಸಿದರೆ ತಡೆಯುತ್ತದೆ ಅಂತ ಅಲ್ಲ.

ಆದರೆ ಒಂದೇ ಜಾಗದಲ್ಲಿ ನಿಂತು ಕೆಲಸ ಮಾಡುವವರಿಗೆ? ಬೇಕಾದದ್ದು ಯಾವಾಗಲೂ ಕೆಳಗಿನ ಬಾಕ್ಸಿನಲ್ಲೇ ಇರುತ್ತದೆ. ಮೇಲಿನ ಎರಡನ್ನು ಬಿಡಿಸಿ, ಎತ್ತಿ, ಪಕ್ಕಕ್ಕಿಟ್ಟು, ಮುಚ್ಚಳ ತೆಗೆದು, ಒಂದು ಪ್ಲೇಯರ್ ತಗೊಂಡು, ಮತ್ತೆ ಎಲ್ಲವನ್ನೂ ಪೇರಿಸಬೇಕು. ಯಾರೂ ಮತ್ತೆ ಪೇರಿಸುವುದಿಲ್ಲ. ಸಂಜೆ ಹೊತ್ತಿಗೆ ನೆಲದ ತುಂಬ ಬಾಕ್ಸ್. ಸ್ಪ್ಯಾನರ್ ಸೆಟ್ಟನ್ನು ಬಾಕ್ಸಿನಲ್ಲಿ ಬಿಡಿಯಾಗಿ ಹಾಕಿದರೆ ಪ್ರತಿ ಸಲ ಎತ್ತಿದಾಗಲೂ ಕಲೆಸಿಹೋಗುತ್ತದೆ. ಬಟ್ಟೆಯ ಸುರುಳಿಚೀಲದಲ್ಲಿ ಇಟ್ಟರೆ ಸ್ವಲ್ಪ ಪರವಾಗಿಲ್ಲ. ಉಳಿಗಳನ್ನಂತೂ ಬಾಯಿಗೆ ಕವಚ ಹಾಕದೆ ಇದರಲ್ಲಿ ಇಡಲೇಬೇಡಿ. ಬ್ಯಾಟರಿ ಡ್ರಿಲ್ ಮಾತ್ರ ಇದರಲ್ಲಿ ಬಹಳ ಚೆನ್ನಾಗಿ ಕೂರುತ್ತದೆ: ಡ್ರಿಲ್, ಎರಡು ಬ್ಯಾಟರಿ, ಚಾರ್ಜರ್, ಬಿಟ್‌ಗಳು ಎಲ್ಲ ಒಂದೇ ಕಡೆ. ಯಾರದೋ ಮನೆಗೆ ಕರ್ಟನ್ ರಾಡ್ ಹಾಕಲು ಹೋಗಬೇಕಾದರೆ ಒಂದು ಬಾಕ್ಸ್ ಎತ್ತಿಕೊಂಡರೆ ಆಯಿತು.

ಒಂದು ಪರಿಹಾರ ಇದೆ. ಗೋಡೆ ಪಕ್ಕ ಒಂದು ಚೌಕಟ್ಟು ಮಾಡಿ, ಪ್ರತಿ ಬಾಕ್ಸಿಗೂ ಬೇರೆ ಬೇರೆ ಪಟ್ಟಿ ಹೊಡೆದು, ಡ್ರಾಯರಿನ ಹಾಗೆ ಜಾರುವಂತೆ ಇಡಬಹುದು. ನಾನೂ ಹಾಗೆ ಇಟ್ಟಿದ್ದೇನೆ, ಕಷ್ಟ ಅರ್ಧಕ್ಕೆ ಇಳಿದಿದೆ. ಆದರೂ ಹೊರಗೆಳೆದ ಮೇಲೆ ಮುಚ್ಚಳ ತೆಗೆಯಲು ಮೇಲೆ ಜಾಗ ಬೇಕು. ಬಾಕ್ಸಿಗೂ ದುಡ್ಡು, ಚೌಕಟ್ಟಿಗೂ ದುಡ್ಡು. ಇದರ ಜೊತೆ ಇನ್ನೊಂದು ಕಟ್ಟುಪಾಡು ಬರುತ್ತದೆ. ಒಂದು ಕಂಪನಿಯ ಬಾಕ್ಸ್ ಮೇಲೆ ಇನ್ನೊಂದು ಕಂಪನಿಯದ್ದು ಸಾಮಾನ್ಯವಾಗಿ ಲಾಕ್ ಆಗುವುದಿಲ್ಲ, ಆದ್ದರಿಂದ ಮೊದಲ ಬಾಕ್ಸ್ ಆರಿಸುವಾಗಲೇ ಮುಂದಿನ ಎಲ್ಲವನ್ನೂ ಆರಿಸಿದ ಹಾಗೆ. ಇನ್ನು ಗಾಳಿಯಾಡದ ಬಾಕ್ಸಿಗೆ ಒದ್ದೆ ಟೂಲ್ ಹಾಕಿ ಮುಚ್ಚಿದರೆ ಆ ತೇವಕ್ಕೆ ಹೊರಗೆ ಹೋಗುವ ದಾರಿಯೇ ಇಲ್ಲ. ಒರೆಸಿ, ಒಣಗಿದ ಮೇಲೇ ಮುಚ್ಚಿ. ತೇವ ಹೀರಿ ಬಣ್ಣ ಬದಲಾಯಿಸುವ ಥರದ ಒಂದು ಸಿಲಿಕಾ ಜೆಲ್ ಚೀಲ ಒಳಗಿರಲಿ, ಅದರ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು.

ಪ್ಲೈವುಡ್ಡಿಗೆ ಬರೋಣ. ನನಗೆ ಇದೇ ಇಷ್ಟ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಣ ಒಂದೇ: ಡ್ರಾಯರಿನ ಆಳ ನಿಮ್ಮ ಕೈಯಲ್ಲಿರುತ್ತದೆ. ನನ್ನ ಕ್ಯಾಬಿನೆಟ್ಟಿನಲ್ಲಿ ಮೇಲಿನವು 40 ಮಿಲಿಮೀಟರ್ ಆಳದವು, ಕೆಳಕ್ಕೆ ಹೋದಂತೆ 60, 100 ಹೀಗೆ. ಉಳಿಗಳ ಡ್ರಾಯರಿನಲ್ಲಿ ಅಡ್ಡಕ್ಕೆ ಎರಡು ಮರದ ಪಟ್ಟಿ ಇವೆ, ಅದರಲ್ಲಿ ಒಂದೊಂದು ಉಳಿಗೂ ಅರ್ಧಚಂದ್ರದ ಗುಳಿ. ಹಿಡಿ ಒಂದರ ಮೇಲೆ, ಕಬ್ಬಿಣ ಇನ್ನೊಂದರ ಮೇಲೆ, ಬಾಯಿ ತಳಕ್ಕೆ ತಾಗದೆ ಗಾಳಿಯಲ್ಲಿ ನಿಲ್ಲುತ್ತದೆ. ಹಿಡಿಯ ಕೆಳಗೆ ಬೆರಳು ಹೋಗುವಷ್ಟು ತಗ್ಗು ಬಿಟ್ಟಿದ್ದೇನೆ, ಒಂದೇ ಕೈಯಲ್ಲಿ ಎತ್ತಬಹುದು. ಯಾವ ಗುಳಿ ಖಾಲಿ ಇದೆಯೋ ಆ ಉಳಿ ಇನ್ನೂ ಬೆಂಚಿನ ಮೇಲಿದೆ ಅಂತ ಅರ್ಥ. ಈ ಥರ ಕೊಂಡದ್ದರಲ್ಲಿ ಸಿಗುವುದಿಲ್ಲ.

ಅಳತೆಗಳನ್ನು ಹೇಳುತ್ತೇನೆ, ಮಾಡುವವರಿಗೆ ಬೇಕಾಗುತ್ತದೆ. ಹೊರಗಿನ ಡಬ್ಬಕ್ಕೆ 18 ಮಿಲಿಮೀಟರ್ ಪ್ಲೈ, ಡ್ರಾಯರಿನ ಪಕ್ಕಕ್ಕೆ 12, ತಳಕ್ಕೆ 6. ತಳವನ್ನು ಕೆಳಗಿನಿಂದ ಮೊಳೆ ಹೊಡೆದು ಬಿಡಬೇಡಿ, ಪಕ್ಕದ ಹಲಗೆಗಳಲ್ಲಿ ಗಾಡಿ (ಹಲಗೆಯಲ್ಲಿ ಉದ್ದಕ್ಕೆ ಕೊರೆದ ಕಾಲುವೆ) ಹೊಡೆದು ಅದರೊಳಗೆ ಸೇರಿಸಿ. ಭಾರ ಬಿದ್ದಾಗ ಮೊಳೆ ಕಿತ್ತು ಬರುತ್ತದೆ, ಗಾಡಿಯಲ್ಲಿ ಕೂತ ತಳ ಬರುವುದಿಲ್ಲ. ಸಾಮಾನ್ಯವಾಗಿ ಸಿಗುವ 45 ಮಿಲಿಮೀಟರ್ ಅಗಲದ ಬಾಲ್ ಬೇರಿಂಗ್ ಟೆಲಿಸ್ಕೋಪಿಕ್ ಚಾನೆಲ್ಲಿಗೆ ಪ್ರತಿ ಬದಿಯಲ್ಲೂ 12.7 ಮಿಲಿಮೀಟರ್ ಜಾಗ ಬೇಕು. ಅಂದರೆ ಡ್ರಾಯರಿನ ಹೊರ ಅಗಲ, ಡಬ್ಬದ ಬಾಯಿಯ ಅಗಲಕ್ಕಿಂತ 25.4 ಕಡಿಮೆ ಇರಬೇಕು. ನಾನು 26 ಬಿಡುತ್ತೇನೆ. ಸ್ವಲ್ಪ ಸಡಿಲ ಆದರೆ ಚಾನೆಲ್ ಹಿಂದೆ ಒಂದು ತುಂಡು ಕಾರ್ಡ್ ಸೇರಿಸಿ ಸರಿ ಮಾಡಬಹುದು, ಬಿಗಿ ಆದರೆ ಡ್ರಾಯರನ್ನೇ ಕೀಸಬೇಕು. ಡಬ್ಬ ಮೂಲೆಮಟ್ಟಕ್ಕೆ ಸರಿಯಾಗಿ ನಿಲ್ಲುವುದು ಹಿಂದಿನ ಹಲಗೆಯಿಂದ, ಅದನ್ನು ಹಾಕುವ ಮುಂಚೆ ಎರಡೂ ಕರ್ಣ ಅಳೆದು ಸಮ ಇದೆಯಾ ನೋಡಿ.

ಹಗುರವಾದ ಟೂಲ್‌ಗಳಿಗೆ ಚಾನೆಲ್ಲೇ ಬೇಡ. ಡಬ್ಬದ ಪಕ್ಕದ ಹಲಗೆಗಳಲ್ಲಿ ಸಾಲಾಗಿ ಗಾಡಿ ಹೊಡೆದು, ಡ್ರಾಯರಿನ ತಳವನ್ನೇ ಎರಡೂ ಕಡೆ ಸ್ವಲ್ಪ ಹೊರಗೆ ಚಾಚುವಂತೆ ಮಾಡಿ ಅದರೊಳಗೆ ಜಾರಿಸಿದರೆ ಆಯಿತು. ಸ್ವಲ್ಪ ಮೇಣ ಉಜ್ಜಿದರೆ ನಯವಾಗಿ ಓಡುತ್ತದೆ. ಬಾಲ್ ಬೇರಿಂಗಿಗೆ ಮರದ ಹೊಟ್ಟು ಸೇರಿ ಗರಗರ ಅನ್ನುವ ತೊಂದರೆಯೂ ಇಲ್ಲ. ಇನ್ನೊಂದು ಲಾಭ, ಡ್ರಾಯರನ್ನೇ ಪೂರ್ತಿ ಎಳೆದು ತಟ್ಟೆಯ ಹಾಗೆ ಕೆಲಸದ ಜಾಗಕ್ಕೆ ಒಯ್ಯಬಹುದು. ಭಾರದ ಸಾಕೆಟ್ಟುಗಳಿಗೆ ಮಾತ್ರ ಇದು ಆಗುವುದಿಲ್ಲ, 6 ಮಿಲಿಮೀಟರ್ ತಳ ನಡುವೆ ಜೋತುಬೀಳುತ್ತದೆ.

ತೇವದ ವಿಷಯದಲ್ಲಿ ಮರ ಸ್ಟೀಲಿಗಿಂತ ಮೇಲು. ಸ್ವಲ್ಪ ಹೀರಿಕೊಂಡು ಸ್ವಲ್ಪ ಬಿಡುತ್ತದೆ, ಟೂಲ್ ಮೇಲೆ ನೇರವಾಗಿ ನೀರು ಕೂರುವುದು ಕಡಿಮೆ. ಆದರೆ ಓಕ್ ಥರದ ಮರಗಳಿಂದ ಅಸಿಟಿಕ್ ಆಮ್ಲದ ಆವಿ ಹೊರಡುತ್ತದೆ, ಮುಚ್ಚಿದ ಡ್ರಾಯರಿನಲ್ಲಿ ಅದೇ ತುಕ್ಕಿಗೆ ಕಾರಣವಾಗುತ್ತದೆ. ಟೂಲ್ ಡ್ರಾಯರಿಗೆ ಓಕ್ ಬೇಡ. ಪಾರ್ಟಿಕಲ್ ಬೋರ್ಡ್ ಕೂಡ ಬೇಡ. ಸ್ಕ್ರೂ ಒಂದು ಸಲ ತೆಗೆದು ಹಾಕಿದರೆ ಹಿಡಿತ ಹೋಗುತ್ತದೆ, ತಳಕ್ಕೆ ನೀರು ತಾಗಿದರೆ ಉಬ್ಬುತ್ತದೆ. ಪ್ಲೈಯನ್ನೂ ನೇರ ನೆಲಕ್ಕೆ ಕೂರಿಸಬೇಡಿ, ಕೆಳಗೆ 100 ಮಿಲಿಮೀಟರ್ ಕಾಲು ಕೊಡಿ. ನೆಲ ಒರೆಸಲಿಕ್ಕೂ ಅನುಕೂಲ. ಇದರ ಕೊರತೆ ಅಂದರೆ ಸಮಯ. ಮಾಡುವಷ್ಟು ದಿನ ಬೇರೆ ಕೆಲಸ ನಿಂತಿರುತ್ತದೆ, ಜೊತೆಗೆ ಇದನ್ನು ಮಾಡಲು ಬೇಕಾದ ಗರಗಸ, ಕ್ಲ್ಯಾಂಪು ಮೊದಲೇ ನಿಮ್ಮ ಹತ್ತಿರ ಇರಬೇಕು. ಎಣ್ಣೆ ಹಿಡಿದ ಸಾಮಾನು ಇಟ್ಟರೆ ಮರ ಕುಡಿಯುತ್ತದೆ, ಸ್ಟೀಲನ್ನು ಒರೆಸಿದರೆ ಆಯಿತು. ವಾಹನ ರಿಪೇರಿ ಮಾಡುವವರು ಇದನ್ನು ಗಮನಿಸಿ.

ಗೋಡೆಗೆ ನೇತುಹಾಕುವುದರ ಬಗ್ಗೆ ಎರಡೇ ಮಾತು. ತೂತಿನ ಹಲಗೆಯಲ್ಲಿ, ಅದೇ ಪೆಗ್‌ಬೋರ್ಡ್, ಟೂಲ್ ಎತ್ತಿದರೆ ಕೊಕ್ಕೆಯೂ ಜೊತೆಗೇ ಬರುತ್ತದೆ. 45 ಡಿಗ್ರಿಗೆ ಸೀಳಿದ ಪಟ್ಟಿಗಳನ್ನು ಗೋಡೆಗೆ ಹೊಡೆದು, ಅದರ ಮೇಲೆ ಕೊಕ್ಕೆಯಂತೆ ಕೂರುವ ಹೋಲ್ಡರ್ ಮಾಡುವ ಫ್ರೆಂಚ್ ಕ್ಲೀಟ್ ಪದ್ಧತಿ ಎಷ್ಟೋ ವಾಸಿ, ಭಾರ ಜಾಸ್ತಿ ಆದಷ್ಟೂ ಬಿಗಿಯಾಗಿ ಕೂರುತ್ತದೆ. ದಿನಾ ಕೈಗೆ ಬರುವ ಟೂಲ್‌ಗಳಿಗೆ ಅದು ಚೆನ್ನ. ಧೂಳು, ತುಕ್ಕು ಎರಡಕ್ಕೂ ತೆರೆದಿರುವುದರಿಂದ ಉಳಿದವನ್ನು ಅಲ್ಲಿ ಇಡುವುದಿಲ್ಲ.

ಹಾಗಾದರೆ ಯಾವುದು? ಮೆಕ್ಯಾನಿಕ್ ಕೆಲಸ ಜಾಸ್ತಿ ಅಂದರೆ ಸ್ಟೀಲ್, ಅದೂ ಅಗಲವಾದದ್ದು, ತೆಳು ಡ್ರಾಯರ್ ಜಾಸ್ತಿ ಇರುವುದು. ನನ್ನ ಸ್ಪ್ಯಾನರ್‌ಗಳು ಕೊನೆಗೆ ನೆಲೆ ನಿಂತದ್ದು ಸ್ಟೀಲಿನ 50 ಮಿಲಿಮೀಟರ್ ಡ್ರಾಯರಿನಲ್ಲಿ. ಸಾಲಾಗಿ ಮಲಗಿರುತ್ತವೆ, 13ನೇ ನಂಬರ್ ಸ್ಪ್ಯಾನರಿನ ಜಾಗ ಖಾಲಿ ಇದ್ದರೆ ತೆರೆದ ಕೂಡಲೇ ಕಣ್ಣಿಗೆ ಬೀಳುತ್ತದೆ. ಮರದ ಕೆಲಸ ಜಾಸ್ತಿ ಅಂದರೆ ಪ್ಲೈವುಡ್, ಎರಡನೇ ಮಾತಿಲ್ಲ. ಪೇರಿಸುವ ಬಾಕ್ಸ್ ಮನೆಯಿಂದ ಹೊರಗೆ ಹೋಗುವ ಸಾಮಾನಿಗೆ ಮಾತ್ರ, ಅದೂ ಟೂಲ್ ಪ್ರಕಾರ ವಿಂಗಡಿಸದೆ ಕೆಲಸದ ಪ್ರಕಾರ ವಿಂಗಡಿಸಿ: ಕರೆಂಟ್ ಕೆಲಸಕ್ಕೊಂದು, ನಲ್ಲಿ ಕೆಲಸಕ್ಕೊಂದು. ಒಂದೊಂದರಲ್ಲೂ ಒಂದು ಹೆಚ್ಚುವರಿ ಸ್ಕ್ರೂಡ್ರೈವರ್, ಪ್ಲೇಯರ್ ಇಟ್ಟುಬಿಡಿ, ಇಲ್ಲದಿದ್ದರೆ ಡ್ರಾಯರಿನಿಂದ ಎತ್ತಿ ಹಾಕಿಕೊಂಡು ಹೋದದ್ದು ವಾಪಸ್ ಬರುವುದಿಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇದ್ದು ಒಂದೇ ತಗೊಳ್ಳಬೇಕು ಅಂದರೆ, ಐದಾರು ತೆಳು ಡ್ರಾಯರಿನ ಸಣ್ಣ ಸ್ಟೀಲ್ ಕ್ಯಾಬಿನೆಟ್ ತಗೊಂಡು, ಉಳಿದದ್ದನ್ನು ನಿಧಾನವಾಗಿ ಪ್ಲೈಯಲ್ಲಿ ಮಾಡಿಕೊಳ್ಳಿ ಅನ್ನುತ್ತೇನೆ.

ಜಾಗ ಅಳೆಯುವಾಗ ಕ್ಯಾಬಿನೆಟ್ ಕೂರುವಷ್ಟು ಮಾತ್ರ ಅಳೆದರೆ ಸಾಲದು. 450 ಮಿಲಿಮೀಟರ್ ಡ್ರಾಯರ್ ಪೂರ್ತಿ ಹೊರಗೆ ಬರಬೇಕು, ಅದರ ಮುಂದೆ ನೀವು ನಿಂತು ಬಗ್ಗಲು ಇನ್ನೊಂದು 600 ಬೇಕು. ಕ್ಯಾಬಿನೆಟ್ ಮುಂದೆ ಒಂದು ಮೀಟರಿಗಿಂತ ಜಾಸ್ತಿ ಖಾಲಿ ಇರಬೇಕು ಅಂತಾಯಿತು. ಬೆಂಚಿಗೂ ಕ್ಯಾಬಿನೆಟ್ಟಿಗೂ ನಡುವೆ ಅಷ್ಟು ಇಲ್ಲದಿದ್ದರೆ ಅಗಲದ್ದು ಬಿಟ್ಟು, ಬೆಂಚಿನ ಅಡಿಯಲ್ಲೇ ಕೂರುವಂಥದ್ದು ನೋಡಿ. ಆಗ ಬೆಂಚಿನ ಮುಂದೆ ನೀವು ಹೇಗೂ ನಿಲ್ಲುವ ಜಾಗವೇ ಡ್ರಾಯರಿಗೂ ಆಗುತ್ತದೆ.